ಎಂಟೂಕಾಲಿನ ಚೀಟಿ

ಸೆಟೆದ ಎಡಗೈ ಅಂಗಿಯ ತೋಳಿನೊಳಗೆ ಹೋಗುತ್ತಿರಲಿಲ್ಲ. ಹೆಂಡತಿ ಕತ್ತರಿ ತಂದು ಅಂಗಿಯ ಬೆನ್ನನ್ನು ಉದ್ದಕ್ಕೆ ಸೀಳಿದಳು.

“ಹೊಸ ಅಂಗಿ ಕಣೇ,” ಎಂದಳು ಸತ್ತವನ ಅಕ್ಕ.

“ಇನ್ಯಾರು ಹಾಕ್ಕೋತಾರೆ ಬಿಡಿ ಅತ್ತಿಗೆ.”

“ದಿಂಬೂ ಹೊಸದೇ. ಅಂಗಡಿ ಚೀಟಿ ಕೂಡ ಕಿತ್ತಿಲ್ಲ.”

“ಮೊನ್ನೆ ಸಂಜೆ ತಂದ್ರು. ಹಳೇದಕ್ಕೇನಾಗಿತ್ತು ಅಂದ್ರೆ ಬಾಯೇ ಬಿಡಲಿಲ್ಲ. ಒಂದೇ ರಾತ್ರಿ ಮಲಗಿದ್ದು.”

ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಕಚೇರಿಯವರು ಕೂತಿದ್ದರು. ನಿನ್ನೆಯಿಂದ ಸಿಕ್ಕವರನ್ನೆಲ್ಲ ಕೇಳಿದ್ದನ್ನೇ ಹೆಂಡತಿ ಟೈಪಿಸ್ಟನನ್ನೂ ಕೇಳಿದಳು. “ಎಂಟಕ್ಕೆ ಆಫೀಸಿಗೆ ಹೋಗಿ ಬಿದ್ದವರನ್ನ ಹತ್ತೂವರೆವರೆಗೆ ಒಬ್ಬರೂ ನೋಡಲಿಲ್ವಾ? ಹಾರ್ಟ್ ಅಟ್ಯಾಕು, ಒಂದು ಗಂಟೆ ಮುಂಚೆ ತಂದಿದ್ರೆ ಉಳೀತಿದ್ರು ಅಂದ್ರು ಡಾಕ್ಟ್ರು.”

“ನಾವು ಬರೋದೇ ಹತ್ತೂವರೆಗೆ ಅಮ್ಮಾ. ಬೇಗ ಬಂದು ಇನ್ನೊಂದು ಆಫೀಸಿನ ಕಂಪ್ಯೂಟರ್ ಲಿಂಕ್ ನೋಡ್ತಿದ್ದಿದ್ದು ಅವರೊಬ್ರೇ.”

ಹಿಂದಿನಿಂದ ಯಾರೋ ಹೇಳಿದರು: “ಹದಿನಾಲ್ಕು ವರ್ಷ ಒಂದು ರಜಾ ಹಾಕಲಿಲ್ಲ ಪುಣ್ಯಾತ್ಮ. ಎಲ್ಲಾ ಒಟ್ಟಿಗೇ ತಗೊಂಡ.” ನಗು ಬಂದಷ್ಟೇ ಬೇಗ ನಿಂತಿತು.

*

ನೀರಿನ ಕೊಳವೆಗಳ ನಕ್ಷೆಗಳನ್ನು ಕಾಯುವುದು ಅವನ ಕೆಲಸ. ನಕ್ಷೆಗಳಿದ್ದದ್ದು ಅವನ ಕಚೇರಿಯ ಕಂಪ್ಯೂಟರಿನಲ್ಲಿ. ಎರಡು ಬಸ್ಸು ದೂರದ ಇನ್ನೊಂದು ಕಚೇರಿಯವರೂ ಅವನ್ನೇ ತೆರೆಯಬೇಕು.

“ನಮ್ಮ ಕಂಪ್ಯೂಟರು ಒಂದು ಬೀರು ಅಂದ್ಕೋ, ಅದಕ್ಕೆ ಅವರ ಗೋಡೇಲೂ ಒಂದು ಬಾಗಿಲು,” ಎಂದು ಒಮ್ಮೆ ಬಟ್ಟೆ ಮಡಿಸುತ್ತಾ ಹೆಂಡತಿಗೆ ತಿಳಿಸಿದ್ದ. “ಮಧ್ಯದ ದಾರಿ ಬೇರೆ ಯಾರಿಗೂ ಕಾಣಲ್ಲ. ಅದೇ ವಿಪಿಎನ್ನು.”

“ಬಾಗಿಲು ತೆಗೆದಿದೆ ಅಂತ ಹೇಗೆ ಗೊತ್ತಾಗುತ್ತೆ?”

“ದಿನಾ ಎಂಟೂಕಾಲಿಗೆ ಬೀರುನಲ್ಲಿ ಒಂದು ಚೀಟಿ ಬರೆದಿಡ್ತೀನಿ. ಆ ಕಡೆಯ ಮೇಡಮೂ ಬೇಗ ಬರ್ತಾರೆ, ಅದರ ಕೆಳಗೇ ಉತ್ತರ ಬರೀತಾರೆ.”

“ಏನಂತ?”

“ಏನೋ ಒಂದು. ಓದೋಕಾದ್ರೆ ಸಾಕು.”

“ನನ್ಹತ್ರ ದಿನಕ್ಕೆ ನಾಲ್ಕು ಮಾತು. ಅವರಿಗೆ ಚೀಟಿ ಬೇರೆ!”

ಅವನು ನಕ್ಕು ಮಗಳ ಲಂಗವನ್ನು ಅಡ್ಡಾದಿಡ್ಡಿ ಮಡಿಸಿಟ್ಟಿದ್ದ. ಅವನು ಹೋದ ಮೇಲೆ ಅವಳು ಅದನ್ನು ಬಿಡಿಸಿ ಮತ್ತೆ ಮಡಿಸಿದ್ದಳು.

*

ವ್ಯಾನು ಬರುವ ಹೊತ್ತಿಗೆ ಐವತ್ತು ದಾಟಿದ ಹೆಂಗಸೊಬ್ಬಳು ಚೀಲವನ್ನು ಎದೆಗವುಚಿಕೊಂಡು ಒಳಗೆ ಬಂದಳು. ಸತ್ತವನ ಮುಖವನ್ನು ಬಹಳ ಹೊತ್ತು ನೋಡಿದಳು. ಅದನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು.

“ನಾನು ಆ ಕಡೆ ಆಫೀಸಿನವಳು,” ಎಂದಳು. “ನೀನು ಹೊರಗೆ ಕೇಳ್ತಿದ್ದೆಯಂತಲ್ಲ ತಂಗೀ. ಅದಕ್ಕೆ ಉತ್ತರ ನನ್ನ ಹತ್ರ ಇದೆ.”

ಹೆಂಡತಿ ಸರಿದು ಅವಳಿಗೆ ಜಾಗ ಕೊಟ್ಟಳು.

“ನಿನ್ನೆ ಎಂಟೂಕಾಲಿಗೆ ಚೀಟಿ ಬರಲಿಲ್ಲ. ಮೊನ್ನೇದೇ ಕಾಣಿಸ್ತಿತ್ತು. ಲಿಂಕ್ ಕೆಟ್ಟಿದೆ, ಹಳೇದನ್ನೇ ತೋರಿಸ್ತಿದೆ ಅಂದ್ಕೊಂಡೆ. ದೂರು ಕಳಿಸ್ದೆ, ಮೂರು ಸಲ. ನಿಮ್ಮವರಿಗೇ ಕಳಿಸ್ದೆ. ಒಂದು ಫೋನು ಮಾಡಲಿಲ್ಲ. ಲಿಂಕಿಗೆ ಏನೂ ಆಗಿರಲಿಲ್ಲ ತಂಗೀ.”

“ಮೊನ್ನೇ ಚೀಟೀಲಿ ಏನಿತ್ತು?” ಎಂದಳು ಹೆಂಡತಿ.

ಚೀಲದಿಂದ ಪ್ರಿಂಟ್ ಮಾಡಿದ ಒಂದು ಹಾಳೆ ಹೊರಬಂತು. ಎರಡೇ ಸಾಲು.

‘ಲಿಂಕ್ ಇದೆ. ಎರಡು ದಿನದಿಂದ ಎಡಗೈ ಜೋಮು. ಮನೇಲಿ ಹೇಳಿಲ್ಲ, ಹೆದರ್ತಾಳೆ.’

ಅದರ ಕೆಳಗೆ ಅವಳ ಉತ್ತರ: ‘ಮಲಗೋದು ಸರಿಯಿಲ್ಲ ನಿಮ್ದು. ಮೊದಲು ದಿಂಬು ಬದಲಾಯಿಸಿ ಸಾರ್.’

ಹೆಂಡತಿ ಹಾಳೆಯಿಂದ ಕಣ್ಣೆತ್ತಿ ಗಂಡನ ತಲೆಯ ಕಡೆ ನೋಡಿದಳು. ಆ ಹೆಂಗಸೂ ನೋಡಿದಳು. ದಿಂಬಿನ ಮೂಲೆಯಲ್ಲಿ ಅಂಗಡಿಯ ಚೀಟಿ ದಾರದಲ್ಲಿ ನೇತಾಡುತ್ತಿತ್ತು.

ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಎತ್ತುವವರು ಒಳಗೆ ಬಂದು ಬದಿಗೆ ನಿಂತರು.

ಹೆಂಡತಿ ಬಗ್ಗಿ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ದಿಂಬು ನೀವೇ ತೆಗೀರಿ,” ಎಂದಳು ಆ ಹೆಂಗಸಿಗೆ.

ಅವನನ್ನು ಹೊತ್ತುಕೊಂಡು ಹೋದರು. ಖಾಲಿ ಮಂಚದ ಪಕ್ಕ ಆ ಹೆಂಗಸು ದಿಂಬು ಹಿಡಿದು ನಿಂತೇ ಇದ್ದಳು. ನಡುವಿನ ತಗ್ಗು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು.