ಬಾನೆಟ್ ಯಾಕೆ ಬೆಚ್ಚಗಿತ್ತು?

ಸಲ್ತ್ ಊರಿನ ಇಳಿಜಾರಿನಲ್ಲಿ ಮನೆ ಮಾಡಿಕೊಂಡವರಿಗೆಲ್ಲ ಒಂದೇ ಗೋಳು. ಬಸ್ಸು ಬಂದರೆ ಸೀಟಿಲ್ಲ, ಸೀಟು ಸಿಗುವಂಥ ಹೊತ್ತಿನಲ್ಲಿ ಬಸ್ಸೇ ಇಲ್ಲ. ನಮ್ಮ ಮೇಲಿನ ಮನೆಯ ಅರೀಜ್‌ಗೆ ಕೆಳಗೆ ಶೂನಾ ಕಣಿವೆಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಶಾಲೆ ಶುರುವಾಗುವುದರೊಳಗೆ ಕಾರು ಬೇಕು, ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. ಮದುವೆಯಲ್ಲಿ ಬಂದ ಚಿನ್ನದ ಬಳೆ ಮಾರಿ ಕಾರು ಕೊಳ್ಳುವುದೆಂದು ಗಂಡಹೆಂಡಿರು ತೀರ್ಮಾನಿಸಿದರು. ಎರಡನೇ ಸಲ ಮಾರಲು ಆ ಮನೆಯಲ್ಲಿ ಏನೂ ಇರಲಿಲ್ಲ.

ಗಂಡ ಮುಹನ್ನದ್ ಫೋನಿನಲ್ಲಿ ಹುಡುಕಿ ಹುಡುಕಿ ಕಡೆಗೆ ಒಂದು ಗಾಡಿ ಹಿಡಿದ. ಹಳೆಯ ಜರ್ಮನ್ ಸ್ಪೋರ್ಟ್ಸ್ ಸೆಡಾನ್. ಕಪ್ಪು ಬಣ್ಣ, ಅಗಲ ಟೈರು, ಚರ್ಮದ ಸೀಟು. ಹೊಸದರಲ್ಲಿ ದೊಡ್ಡವರ ಮನೆ ಮುಂದೆ ನಿಲ್ಲುತ್ತಿದ್ದ ಗಾಡಿ ಈಗ ಸಣ್ಣ ಕಾರಿನ ಬೆಲೆಗೆ ಬರುತ್ತದಂತೆ. ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾನೆ ಎಂದು ನನಗೆ ಆಗಲೇ ಅನುಮಾನ. ನನ್ನದು ಸ್ವಲ್ಪ ಅನುಮಾನದ ಬುದ್ಧಿಯೇ, ಇರಲಿ.

ಅವತ್ತು ಸಂಜೆ ಅವರ ಮನೆಗೆ ನುಹಾ ಬಂದಿದ್ದಳು. ಹೆಂಗಸರಿಗೆ ಡ್ರೈವಿಂಗ್ ಕಲಿಸುವವಳು. ಅಂಥದ್ದೇ ಗಾಡಿಯೊಂದನ್ನು ಸ್ವತಃ ಇಟ್ಟುಕೊಂಡು ಸುಸ್ತಾದವಳು. ನಾನೂ ಹೋಗಿ ಕೂತೆ.

"ಅಕ್ಕಾ, ಅದೇನ್ ಯೋಚ್ನೇನೇ ಬೇಡ," ಅಂದ ಮುಹನ್ನದ್ ನುಹಾಳಿಗೆ. "ತಪಾಸಣೆ ಆಗಿದೆ. ಚಾಸಿಸ್ ನಾಲ್ಕೂ ಮೂಲೆ 'ಜಯ್ಯಿದ್'. ನಾಲ್ಕೂ ಚೆನ್ನಾಗಿದೆ ಅಂತ ಬರ್ಕೊಟ್ಟಿದ್ದಾರೆ."

ನಮ್ಮ ಕಡೆ ಕಾರು ಕೊಳ್ಳುವವರಿಗೆ 'ನಾಲ್ಕು ಜಯ್ಯಿದ್' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮುಂದೆ ಏನನ್ನೂ ಕೇಳುವುದಿಲ್ಲ.

"ಅಂದ್ರೆ ಗಾಡಿ ಎಲ್ಲೂ ಜೋರಾಗಿ ಗುದ್ದಿಸ್ಕೊಂಡಿಲ್ಲ ಅಂತ, ಅಷ್ಟೇ," ಅಂದಳು ನುಹಾ. "ಮೂಳೆ ಮುರಿದಿಲ್ಲ ಅಂದ್ಮಾತ್ರಕ್ಕೆ ಜ್ವರ ಇಲ್ಲ ಅಂತಾಗುತ್ತಾ? ರೇಡಿಯೇಟರು, ನೀರಿನ ಪಂಪು, ಪೈಪು, ಇವುಗಳ ಕಥೆ ಏನು? ಆ ಗಾಡೀಲಿ ಅರ್ಧ ಪ್ಲಾಸ್ಟಿಕ್ಕು. ವಯಸ್ಸಾದ್ಮೇಲೆ ಬಿಸ್ಕತ್ ಥರ ಮುರಿಯುತ್ತೆ."

"ಸ್ಟಾರ್ಟ್ ಮಾಡಿ ನೋಡಿದೀವಲ್ಲ. ಬೆಳಗ್ಗೆ ಬೆಳಗ್ಗೇನೇ ಹೋದ್ವಿ. ಗಾಡಿ ಮಾರ್ತಿರೋ ಫವ್ವಾಜ್ ಆಗಷ್ಟೇ ನಿದ್ದೆಯಿಂದ ಎದ್ದು ಬಂದ. ಒಂದೇ ತಿರುವಿಗೆ ಸದ್ದಿಲ್ದೆ ಎದ್ದಿತು!"

"ಬಾನೆಟ್ ಮುಟ್ಟಿದ್ರಾ?"

ಮುಹನ್ನದ್ ಹೆಂಡತಿಯ ಕಡೆ ತಿರುಗಿದ. ಉತ್ತರ ಕೊಟ್ಟವಳು ಅರೀಜ್. "ನಾನು ಮುಟ್ಟಿದ್ದೆ. ಬೆಚ್ಚಗಿತ್ತು."

"ನೋಡಿ ಮತ್ತೆ. ಮಲಗಿದ್ದವನ ಗಾಡಿ ಹೇಗೆ ಎದ್ದಿತ್ತು? ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದಾನೆ. ತಣ್ಣಗಿದ್ದಾಗ ಬರೋ ಕಟಕಟ ಸದ್ದು, ಹೊಗೆ ನಿಮಗೆ ಗೊತ್ತಾಗ್ಬಾರ್ದು ಅಂತ."

"ನಿಮಗೆಲ್ಲ ಹೊಟ್ಟೆಕಿಚ್ಚು," ಅಂದ ಮುಹನ್ನದ್. ನಗುತ್ತಲೇ ಅಂದ, ಆದರೆ ಮುಖ ಸಪ್ಪಗಾಗಿತ್ತು.

"ಯಾಮನ್ ಅಪ್ಪ, ಗಾಡಿ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ," ಅಂದಳು ನುಹಾ. ಯಾಮನ್ ಅವರ ಮಗ, ನಮ್ಮ ಕಡೆ ಗಂಡಸರನ್ನು ಮಗನ ಹೆಸರು ಹಿಡಿದೇ ಕರೆಯುವುದು. " ಓಡಿಸೋಕೆ ಅದರಷ್ಟು ಸುಖ ಇನ್ಯಾವುದೂ ಕೊಡಲ್ಲ. ಆದ್ರೆ ಕೊಳ್ಳೋ ಬೆಲೆ ಇಳಿದಿರುತ್ತೆ, ಸಾಕೋ ಖರ್ಚು ಇಳಿದಿರಲ್ಲ. ದುಬಾರಿ ಪೆಟ್ರೋಲೇ ಹಾಕ್ಬೇಕು. ಮುಂದಿನ ಟೈರು ಒಂದಳತೆ, ಹಿಂದಿನದು ಇನ್ನೊಂದಳತೆ, ಅದಲು ಬದಲು ಮಾಡೋಕಾಗಲ್ಲ. ಆಯಿಲ್ ಸೋರಿ ಬಿಸಿ ಕೊಳವೆ ಮೇಲೆ ಬಿದ್ದು ವಾಸನೆ ಬರುತ್ತೆ. ಗೇರ್‌ಬಾಕ್ಸ್ ಕೈಕೊಟ್ರಂತೂ ಗಾಡಿ ಬೆಲೇನೇ ಕೇಳ್ತಾರೆ. ನಾನು ಓಡಿಸಿದ್ದಕ್ಕಿಂತ ಗ್ಯಾರೇಜಲ್ಲಿ ಟೀ ಕುಡಿದಿದ್ದೇ ಜಾಸ್ತಿ."

ಮಾರನೇ ದಿನ ಮಧ್ಯಾಹ್ನ ಫವ್ವಾಜ್ ತಾನಾಗಿಯೇ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ. ಕೊಳ್ಳುವವನ ಮನೆಗೆ ಮಾರುವವನು ಹುಡುಕಿಕೊಂಡು ಬಂದದ್ದೂ ನನಗೆ ಸರಿ ಕಾಣಲಿಲ್ಲ. ಅರೀಜ್ ನುಹಾಳಿಗೆ ಫೋನ್ ಮಾಡಿ ಕರೆಸಿಕೊಂಡಳು. ಕಾಫಿ ಬಂತು. ಫವ್ವಾಜ್ ಬಟ್ಟಲು ತೆಗೆದುಕೊಂಡ, ಕುಡಿಯದೆ ನೆಲಕ್ಕಿಟ್ಟ.

ನಮ್ಮ ಕಡೆ ಹಾಗೆ ಬಟ್ಟಲು ಕೆಳಗಿಟ್ಟರೆ ಬಂದವರು ಏನೋ ಕೇಳಲು ಬಂದಿದ್ದಾರೆ ಎಂದರ್ಥ. ಮನೆಯವರು ಒಪ್ಪಿದರೆ ಮಾತ್ರ ಕುಡಿಯುತ್ತಾರೆ, ಒಪ್ಪದಿದ್ದರೆ ಮನೆಗೇ ಅವಮಾನ. ಹೆಣ್ಣು ಕೇಳಲು, ಜಗಳ ತೀರಿಸಲು ಹಿರಿಯರು ಹಾಗೆ ಮಾಡುವುದನ್ನು ನೋಡಿದ್ದೇನೆ. ಕಾರು ಮಾರಲು ಮಾಡಿದ್ದನ್ನು ಅವತ್ತೇ ನೋಡಿದ್ದು.

"ನನ್ನ ಮಾತು ನಡೆಸಿಕೊಡಿ ಯಾಮನ್ ಅಪ್ಪ," ಅಂದ ಫವ್ವಾಜ್. "ಬೇರೆಯವರು ದುಂಬಾಲು ಬಿದ್ದಿದ್ದಾರೆ. ಗಾಡಿ ನಿಮ್ಮನೇಗೇ ಸೇರ್ಲಿ ಅಂತ ನನ್ನಾಸೆ."

ಮುಹನ್ನದ್ ಮರ್ಯಾದಸ್ಥ. "ಕುಡೀರಿ ಅಣ್ಣ, ನೀವು ಕೇಳಿದ್ದು..." ಎಂದು ಶುರು ಮಾಡಿದ.

"ಒಂದ್ನಿಮಿಷ," ಅಂದಳು ಅರೀಜ್. "ಬಳೆ ನನ್ನದು, ದಿನಾ ಓಡಾಡೋಳೂ ನಾನು. ಶೂನಾಗೆ ಇಳಿದು ವಾಪಸ್ ಈ ಏರು ಹತ್ತೋಣ ಬನ್ನಿ. ಕಾಫಿ ಆರಿದ್ರೆ ಇನ್ನೊಂದ್ಸಲ ಮಾಡ್ತೀನಿ."

ಫವ್ವಾಜ್ ಹೊತ್ತಾಯಿತು ಅಂದ, ಪೆಟ್ರೋಲ್ ಇಲ್ಲ ಅಂದ. ಪೆಟ್ರೋಲ್ ನಾವು ಹಾಕಿಸ್ತೀವಿ ಅಂದಳು ನುಹಾ. ಬೇರೆ ದಾರಿ ಕಾಣದೆ ಎದ್ದ. ಯಾರೂ ಕರೆಯದಿದ್ದರೂ ನಾನೂ ಹಿಂದಿನ ಸೀಟಿನಲ್ಲಿ ಹತ್ತಿಕೊಂಡೆ.

ಇಳಿಯುವಾಗ ಗಾಡಿ ಬೆಣ್ಣೆಯ ಹಾಗೆ ಹೋಯಿತು. ಮುಹನ್ನದ್ ಹಿಂತಿರುಗಿ ನಮ್ಮನ್ನು ನೋಡಿ ನಕ್ಕ. ಏರು ಶುರುವಾಯಿತು. ಆಗಸ್ಟ್ ಬಿಸಿಲು, ಕಣಿವೆಯ ಧಗೆ. ಸ್ವಲ್ಪ ಹತ್ತಿದ ಮೇಲೆ ಫವ್ವಾಜ್ ಎ.ಸಿ. ಆರಿಸಿ ಕಿಟಕಿ ಇಳಿಸಿದ. ಆಮೇಲೆ ಏನೋ ತಿರುಗಿಸಿದ, ಕಾಲಿಗೆ ಬಿಸಿ ಗಾಳಿ ರಪ್ಪನೆ ಬಡಿಯಿತು.

"ಅಣ್ಣಾ, ಈ ಬಿಸಿಲಲ್ಲಿ ಹೀಟರ್ ಯಾಕೆ?" ಅಂದೆ ನಾನು.

"ಸ್ವಿಚ್ ಸ್ವಲ್ಪ ಸಡಿಲ..."

"ಸ್ವಿಚ್ ಸಡಿಲ ಇಲ್ಲ," ಅಂದಳು ನುಹಾ. "ಎಂಜಿನ್ ಕಾದಿದೆ. ಆ ಬಿಸೀನ ನಮ್ಮ ಕಾಲ್ಮೇಲೆ ಸುರೀತಿದ್ದಾರೆ. ಯಾಮನ್ ಅಪ್ಪ, ಬಿಸಿ ತೋರ್ಸೋ ಮುಳ್ಳು ನೋಡಿ."

ಮುಹನ್ನದ್ ಬಗ್ಗಿ ನೋಡಿದ. ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಮುಂದಿನ ತಿರುವಿನಲ್ಲಿ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಗಾಡಿ ಪಕ್ಕಕ್ಕೆ ನಿಂತಿತು. ಫವ್ವಾಜ್ ಡಿಕ್ಕಿ ತೆಗೆದ. ಅಲ್ಲಿ ನೀರಿನ ಕ್ಯಾನುಗಳು ಸಾಲಾಗಿ ತುಂಬಿ ನಿಂತಿದ್ದವು.

"ಇದೆಲ್ಲ ಗೊತ್ತಿದ್ದೂ ನಮ್ಮನೇಲಿ ಕಾಫಿ ಕೆಳಗಿಟ್ಯಲ್ಲ," ಅಂದ ಮುಹನ್ನದ್. ಫವ್ವಾಜ್ ಒಂದು ಕ್ಯಾನು ಎತ್ತಿಕೊಂಡು ಬಾನೆಟ್ ಕಡೆ ಹೋದ. ನಾವು ನಾಲ್ವರೂ ಬಾಡಿಗೆ ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು.

ಮುಹನ್ನದ್ ಮಾರನೇ ದಿನವೇ ನುಹಾಳನ್ನು ಕರೆದುಕೊಂಡು ಬೇರೆ ಗಾಡಿ ನೋಡಲು ಹೊರಟ. ಒಂದು ಸಾದಾ ಸಣ್ಣ ಕಾರು ಸಿಕ್ಕಿತು. ನೋಡಲು ಏನೂ ಚೆಂದವಿಲ್ಲ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿದರು, ಏರು ಹತ್ತಿಸಿದರು, ತಮ್ಮದೇ ಮೆಕ್ಯಾನಿಕ್ಕಿಗೆ ತೋರಿಸಿದರು. ಬಳೆಯ ದುಡ್ಡನ್ನು ಪೂರ್ತಿ ಕಾರಿಗೇ ಸುರಿಯದೆ ರಿಪೇರಿಗೆಂದು ಒಂದಿಷ್ಟು ತೆಗೆದಿಟ್ಟರು. ಅರೀಜ್ ಶಾಲೆಗೆ ಹೋಗತೊಡಗಿದಳು.

ಮೊದಲ ವಾರವೇ, ಶಾಲೆ ಬಿಟ್ಟು ಬರುವಾಗ ಅದೇ ಏರಿನಲ್ಲಿ ಆ ಕಪ್ಪು ಗಾಡಿ ಅವಳ ಕಣ್ಣಿಗೆ ಬಿತ್ತು. ಬಾನೆಟ್ ತೆರೆದಿತ್ತು. ಪಕ್ಕದಲ್ಲಿ ಯಾರೋ ಅಪರಿಚಿತ, ಬಿಸಿಲಿನಲ್ಲಿ ಅವನ ಹೆಂಡತಿ, ಶಾಲೆಯ ಬ್ಯಾಗು ಹಾಕಿಕೊಂಡ ಮಕ್ಕಳು. ಅವನ ಹೆಂಡತಿ ಮಕ್ಕಳನ್ನು ಅರೀಜ್ ತನ್ನ ಕಾರಿಗೆ ಹತ್ತಿಸಿಕೊಂಡಳು. ಅವನು ಗಾಡಿಯ ಹತ್ತಿರವೇ ಉಳಿದ. "ಇದ್ದದ್ದೆಲ್ಲ ಇದಕ್ಕೇ ಹಾಕ್ಬಿಟ್ಟೆ ತಂಗಿ," ಅಂದನಂತೆ. "ಯಾರೂ ಒಂದು ಮಾತು ಹೇಳ್ಲಿಲ್ಲ."

ಅದಕ್ಕೇ ನಾವು ಹೇಳುತ್ತಿದ್ದೇವೆ. ಹಳೆಯ ಸ್ಪೋರ್ಟ್ಸ್ ಸೆಡಾನ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಮುಂಗಡ ಕೊಡುವ ಮೊದಲು ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ. ಏರು ಹತ್ತಿಸಿ. ಹಳೆಯ ರಿಪೇರಿ ಬಿಲ್ಲು ಕೇಳಿ. ಮಾರುವವನ ಮೆಕ್ಯಾನಿಕ್ ಬೇಡ, ನಿಮ್ಮವನನ್ನೇ ಕರೆದೊಯ್ಯಿರಿ. ಕಾರು ಕೊಂಡ ಮೇಲೂ ಒಂದು ವರ್ಷದ ರಿಪೇರಿ ಖರ್ಚು ಕೈಯಲ್ಲಿ ಉಳಿಯುವಂತಿದ್ದರೆ ಕೊಳ್ಳಿ, ಉಳಿಯದಿದ್ದರೆ ಬಿಟ್ಟು ಬನ್ನಿ. ನಿಮ್ಮ ಪಕ್ಕದ ಮನೆಯವರು ಇವತ್ತು ಅಂಥ ಗಾಡಿ ನೋಡಲು ಹೊರಟಿದ್ದರೆ, ದಯವಿಟ್ಟು ಈಗಲೇ ಹೋಗಿ ಇದನ್ನು ಅವರಿಗೆ ಓದಿ ಹೇಳಿ.