ಎರಡು ಸಾಲು ಕೂಡುವ ಗುಣಿ

ದಕ್ಷಿಣಾಮೂರ್ತಿಗಳಿಗೆ ಯಾರಾದರೂ ಒಂದು ಸಂಖ್ಯೆ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಹಿಂದೂಪುರದ ರೈಲು ನಾಲ್ಕು ಮೂವತ್ತೈದಕ್ಕೆ ಎಂದರೆ, ಮುಖವನ್ನು ಕೊಂಚ ವಾಲಿಸಿ, “ಕೂಡಿದ್ರೆ?” ಎನ್ನುತ್ತಿದ್ದರು. ನಾಲ್ಕು, ಮೂರು, ಐದು ಸೇರಿ ಹನ್ನೆರಡು ಎಂದು ನಾವು ಹೇಳುವವರೆಗೆ ಆ ರೈಲು ಅವರ ಮಟ್ಟಿಗೆ ಹೊರಡುತ್ತಿರಲಿಲ್ಲ. ಮದುವೆಯ ಮುಹೂರ್ತ ತಿಳಿಸಲು ಬಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ ಕೂಡಿಸಿದ್ದುಂಟು. ಗೌರಿಬಿದನೂರಿನಲ್ಲಿ ಅವರಿಗೆ ‘ಕೂಡಿದ್ರೆ ಮೂರ್ತಿ’ ಎಂದೇ ಹೆಸರು ಬಿದ್ದಿತ್ತು. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ.

೧೯೫೯ರಿಂದ ಐದು ವರ್ಷ ನಾನು ಅಲ್ಲಿ ಕನ್ನಡ ಪಂಡಿತನಾಗಿದ್ದೆ. ನನ್ನ ಬಾಡಿಗೆ ಕೋಣೆಗೂ ಅವರ ವೈರ್‌ಲೆಸ್ ಕೋಣೆಗೂ ಒಂದೇ ಗೋಡೆ. ಗಾಳಿಗೆ ಟೆಲಿಫೋನ್ ತಂತಿ ಕಡಿದಾಗಲೆಲ್ಲ ಚಿಕ್ಕಬಳ್ಳಾಪುರದ ಸರ್ಕಾರಿ ಸುದ್ದಿಗಳು ಆ ಕೋಣೆಯ ಪೆಟ್ಟಿಗೆಯೊಳಗೆ ಗೊರಗೊರ ಎನ್ನುತ್ತ ಬಂದಿಳಿಯುತ್ತಿದ್ದವು. ಮೊಣಕೈ ಸವೆದ ಕಪ್ಪು ಕೋಟು, ಅದರ ಜೇಬುಗಳ ತುಂಬ ಬೆರಳುದ್ದದ ಪೆನ್ಸಿಲ್ ತುಂಡುಗಳು, ವರ್ಷಗಟ್ಟಲೆ ಹೆಡ್‌ಫೋನು ಒತ್ತಿ ನೆತ್ತಿಯ ಮೇಲೆ ಬೈತಲೆಯಂತೆ ಬಿದ್ದ ಅಡ್ಡಗೆರೆ; ಬೀದಿಯಲ್ಲಿ ನಡೆಯುವಾಗಲೂ ಬಲಗಿವಿಯನ್ನು ಮುಂದಿಟ್ಟುಕೊಂಡು, ಗಾಳಿಯಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಹಿಡಿಯಲು ಹೊರಟವರಂತೆ ನಡೆಯುತ್ತಿದ್ದರು.

ಅವರ ಚಾಳಿಯ ಹಿಂದೆ ಒಂದು ತಪ್ಪಿತ್ತು. ರೇಷ್ಮೆಹುಳುವಿನ ಮೊಟ್ಟೆಗಳ ಮಾದರಿಯನ್ನು ಚಿಕ್ಕಬಳ್ಳಾಪುರದಲ್ಲಿ ಪರೀಕ್ಷಿಸಿ, ರೋಗ ಕಂಡ ಕಟ್ಟುಗಳ ಕ್ರಮಸಂಖ್ಯೆಯನ್ನು ವೈರ್‌ಲೆಸ್ಸಿನಲ್ಲಿ ತಿಳಿಸುತ್ತಿದ್ದರು. ಗೌರಿಬಿದನೂರಿನ ಉಗ್ರಾಣದವರು ಅವನ್ನು ಸುಟ್ಟು ಉಳಿದದ್ದನ್ನು ರೈತರಿಗೆ ಹಂಚುತ್ತಿದ್ದರು. ಆ ಕಡೆ ಮೈಕಿನ ಮುಂದೆ ಕೂರುತ್ತಿದ್ದವರು ಚಿಂತಾಮಣಿಯ ಚಲಪತಿ. ಮನೆಮಾತು ತೆಲುಗು, ಅವಸರವಾದರೆ ಕನ್ನಡದ ನಡುವೆ ತೆಲುಗು ಅಂಕಿ ನುಸುಳುತ್ತಿತ್ತು. ಒಂದು ಸಲ ಅವರು “ಮೂರು, ಏಡು, ನಾಲ್ಕು” ಎಂದರು. ಏಡು ಎಂದರೆ ಏಳು. ಗೊರಗೊರದ ನಡುವೆ ಮೂರ್ತಿಗಳ ಕಿವಿಗೆ ಅದು ‘ಎರಡು’ ಎಂದು ಕೇಳಿತು. ೩೨೪ ಎಂಬ ಒಳ್ಳೆಯ ಕಟ್ಟು ಸುಟ್ಟುಹೋಯಿತು. ೩೭೪ ಎಂಬ ರೋಗದ ಕಟ್ಟು ಮಂಡಿಕಲ್ ಕಡೆಯ ಮನೆಗಳಿಗೆ ಹೋಯಿತು.

ಹುಳುಗಳೆಲ್ಲ ಸತ್ತ ಮೇಲೆ ಮೂರ್ತಿಗಳು ನನ್ನನ್ನು ಜತೆಗೆ ಕರೆದುಕೊಂಡು ಮಂಡಿಕಲ್ಲಿಗೆ ಹೋದರು, ಕ್ಷಮೆ ಕೇಳಲು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡಿದ್ದ ಅಕ್ಕಯ್ಯಮ್ಮ ಹಿಪ್ಪುನೇರಳೆ ತೋಟದ ಬದುವಿನ ಮೇಲಿದ್ದಳು.

“ನನ್ನ ಕಿವಿ ತಪ್ಪಿತು ತಾಯಿ,” ಎಂದರು ಮೂರ್ತಿಗಳು.

“ಎಲ್ರ ಕಿವೀನೂ ತಪ್ತದೆ ಸ್ವಾಮಿ. ತಪ್ಪಿದ್ದು ಗೊತ್ತಾಗ್ಬೇಕಲ್ಲ, ಅದಕ್ಕೇನ್ ಮಾಡಿದ್ರಿ?”

ಅವಳು ಕೈಯಲ್ಲೊಂದು ಹೊಸ ಕಡ್ಡಿ ಹಿಡಿದು, ಆಳೆತ್ತರದ ಗಿಡಗಳ ನಡುವೆ ನೇರವಾಗಿ ನುಗ್ಗಿ, ಒಣಗಿದ ಒಂದೇ ಒಂದು ಗಿಡವನ್ನು ಕಿತ್ತು ಹೊಸದನ್ನು ನೆಟ್ಟು ಬಂದಳು. ಹೊರಗಿನಿಂದ ಕಾಣದ ಗಿಡ ಅವಳಿಗೆ ಹೇಗೆ ಸಿಕ್ಕಿತೆಂದು ಮೂರ್ತಿಗಳು ಕೇಳಿದರು.

“ಅಡ್ಡಕ್ಕೊಂದ್ಸಲ, ಉದ್ದಕ್ಕೊಂದ್ಸಲ ಎಣಿಸ್ತೀನಿ. ಈ ಸಾಲ್ನಾಗೆ ಒಂದು ಕಮ್ಮಿ, ಆ ಸಾಲ್ನಾಗೆ ಒಂದು ಕಮ್ಮಿ. ಎರಡೂ ಕೂಡೋ ಗುಣೀಲೇ ಇರ್ತದೆ, ಇನ್ನೆಲ್ಲಿಗೆ ಹೋಗ್ತದೆ?”

ಪೆರೇಸಂದ್ರದಲ್ಲಿ ಬಸ್ಸು ಕಾಯುವಾಗ ಮೂರ್ತಿಗಳು ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ಅಂಕಿಗಳನ್ನು ಗಿಡಗಳಂತೆ ನೆಡುತ್ತ ಕುಳಿತರು. ಮೂರು ಕಟ್ಟುಗಳ ಸಂಖ್ಯೆಯನ್ನು ಒಂದರ ಕೆಳಗೊಂದು ಬರೆಯುವುದು. ಅಡ್ಡಸಾಲನ್ನು ಕೂಡಿ ಮೊತ್ತದ ಕೊನೆಯ ಅಂಕಿಯನ್ನು ಪಕ್ಕದಲ್ಲಿ, ಉದ್ದಸಾಲನ್ನು ಕೂಡಿ ಅದರ ಕೊನೆಯ ಅಂಕಿಯನ್ನು ಕೆಳಗೆ ಇಡುವುದು. ಎಲ್ಲವನ್ನೂ ಓದಿ ಕಳಿಸುವುದು. ಒಂದು ಅಂಕಿ ಕೆಟ್ಟರೆ ಒಂದು ಅಡ್ಡಸಾಲೂ ಒಂದು ಉದ್ದಸಾಲೂ ತಾಳೆಯಾಗವು. ಎರಡೂ ಕೂಡುವ ಗುಣಿಯಲ್ಲಿ ತಪ್ಪು ಸಿಕ್ಕಿಬೀಳುತ್ತದೆ.

“ಒಂಬತ್ತು ಅಂಕಿ ಕಳ್ಸೋಕೆ ಹದಿನೈದು ಹೇಳ್ಬೇಕಾ?” ಎಂದು ಚಲಪತಿ ಆ ಕಡೆಯಿಂದ ನಕ್ಕಿದ್ದು ನನ್ನ ಗೋಡೆಗೂ ಕೇಳಿಸಿತು. “ದಿಬ್ಬಣಕ್ಕಿಂತ ಕಾವಲೇ ಜಾಸ್ತಿಯಾಯ್ತಲ್ಲ ಮೂರ್ತಿಗಳೇ.”

“ಕಾವಲಿಲ್ದೆ ಹೊರಟಾಗ ಏನಾಯ್ತು ನೋಡಿದ್ವಲ್ಲಪ್ಪ,” ಎಂದರು ಇವರು.

೧೯೬೨ರ ಮೇ ತಿಂಗಳ ಒಂದು ಮಧ್ಯಾಹ್ನ ಆ ಕಾವಲಿಗೆ ಪರೀಕ್ಷೆ ಬಂತು. ಉಗ್ರಾಣದ ಅಂಗಳದಲ್ಲಿ ಮಂಡಿಕಲ್ಲಿನವರು ಬೆಳಗಿನಿಂದ ಕಾದಿದ್ದರು, ಅಕ್ಕಯ್ಯಮ್ಮನೂ ಇದ್ದಳು. ಮೊಟ್ಟೆಗಳು ಮಾರನೆಯ ಬೆಳಿಗ್ಗೆ ಒಡೆಯುವಂತಿದ್ದವು, ಅಂದೇ ಹಂಚಬೇಕು. ಆಕಾಶ ಕಪ್ಪಾಗಿ ಗುಡುಗುತ್ತಿತ್ತು, ಟೆಲಿಫೋನ್ ತಂತಿ ಆಗಲೇ ಕಡಿದಿತ್ತು. ಮೂರ್ತಿಗಳು ಹದಿನೈದು ಅಂಕಿಗಳನ್ನು ಬರೆದುಕೊಂಡು ಮುಗಿಸುವುದಕ್ಕೂ ಸಿಡಿಲಿಗೆ ಏರಿಯಲ್ ಮುರಿದು ಪೆಟ್ಟಿಗೆ ಮೂಕವಾಗುವುದಕ್ಕೂ ಸರಿಹೋಯಿತು. ಕಾಗದ ಹೀಗಿತ್ತು:

೫ ೧ ೮ — ೪
೨ ೩ ೪ — ೨
೭ ೯ ೩ — ೯
೪ ೬ ೫

ನಡುವಿನ ಅಡ್ಡಸಾಲು ಕೂಡಿದರೆ ಒಂಬತ್ತು. ಪಕ್ಕದ ಕಾವಲು ಎರಡು ಎನ್ನುತ್ತಿತ್ತು. ನಡುವಿನ ಉದ್ದಸಾಲಿನ ಮೊತ್ತ ಹದಿಮೂರು. ಕೆಳಗಿನ ಕಾವಲು ಆರು ಎನ್ನುತ್ತಿತ್ತು. ಮೂರ್ತಿಗಳು ಮೂರನ್ನು ಹೊಡೆದು ಆರು ಬರೆದರು. ಆರು, ಮೂರು, ಗುಡುಗಿನಲ್ಲಿ ಎರಡೂ ಒಂದೇ ಬಾಲದ ಮಾತು.

ಕಾಗದ ಹಿಡಿದು ನಾವು ಉಗ್ರಾಣಕ್ಕೆ ಓಡಿದೆವು. ಅಲ್ಲಿನ ಅಧಿಕಾರಿ ಚೆನ್ನರಾಯಪ್ಪ ತಿದ್ದುಪಡಿ ನೋಡಿ ಬೆವರಿದರು. ಮಂಡಿಕಲ್ಲಿಗೆ ಉಳಿದಿದ್ದ ೨೩೪, ೨೬೪ ಎರಡೇ ಕಟ್ಟುಗಳು ಅವರ ಮುಂದಿದ್ದವು.

“ಕೇಳಿದ್ದು ಮೂರು, ಬರೆದದ್ದು ಆರಾ? ಯಾಕ್ರೀ ಗ್ರಹಚಾರ, ಇನ್ನೂರ ಮೂವತ್ತನಾಲ್ಕು, ಇನ್ನೂರ ಅರವತ್ತನಾಲ್ಕು, ಎರಡನ್ನೂ ಸುಟ್ಬಿಡೋಣ.”

“ಎರಡನ್ನೂ ಸುಟ್ರೆ ಮಂಡಿಕಲ್ಲಿನವರು ಬರಿಗೈಲಿ ಹೋಗ್ಬೇಕು ಸಾರ್. ಅಡ್ಡಸಾಲೂ ಆರು ಅಂತದೆ, ಉದ್ದಸಾಲೂ ಆರು ಅಂತದೆ. ಇಬ್ಬರು ಸಾಕ್ಷಿ, ಒಂದೇ ಮಾತು. ತಪ್ಪಾದ್ರೆ ನನ್ನ ಕೆಲಸ ತೆಗೀರಿ.”

“ನಿಮ್ಮ ಕೆಲಸ ತಗೊಂಡು ನಾನೇನ್ ಮಾಡ್ಲಿ? ಹೋಗೋದು ಇವರ ಬೆಳೆ.”

ಆಗ ಅಕ್ಕಯ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಓದು ಬಾರದ ಅವಳು ಮೂರ್ತಿಗಳ ಬೆರಳು ಕಾಗದದ ಮೇಲೆ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹರಿದು ಒಂದೆಡೆ ನಿಂತದ್ದನ್ನು ನೋಡಿದಳು.

“ನನ್ನ ತೋಟ ಅಲ್ವಾ ಇದು,” ಎಂದಳು. “ಆ ಇನ್ನೂರಾ ಮೂವತ್ತನಾಲ್ಕು ನಂಗೇ ಕೊಡಿ ಸಾಮಿ. ಮೊದ್ಲು ನಂಗೆ.”

೨೬೪ ಬೆಂಕಿಗೆ ಹೋಯಿತು. ೨೩೪ ಅಕ್ಕಯ್ಯಮ್ಮನ ಬುಟ್ಟಿಗೆ, ಅವಳ ಹಿಂದೆ ಉಳಿದವರ ಬುಟ್ಟಿಗಳಿಗೆ.

ಮಾರನೆಯ ಬೆಳಗಿನ ಬಸ್ಸಿನಲ್ಲಿ ಪರೀಕ್ಷೆಯ ಮೂಲಪಟ್ಟಿ ಬಂತು. ಚೆನ್ನರಾಯಪ್ಪ ಅದನ್ನು ತಾವೇ ಹಿಡಿದು ವೈರ್‌ಲೆಸ್ ಕೋಣೆಗೆ ಬಂದು, ನಿಂತೇ ಓದಿದರು: “ಎರಡು, ಆರು, ನಾಲ್ಕು.” ಮೂರ್ತಿಗಳು ಮುಖ ವಾಲಿಸಿದರು. ಅವರು ಕೇಳುವ ಮೊದಲೇ ಅಧಿಕಾರಿಗಳು, “ಕೂಡಿದ್ರೆ ಹನ್ನೆರಡು,” ಎಂದು ನಕ್ಕುಬಿಟ್ಟರು. ಆ ವರ್ಷ ಮುಗಿಯುವುದರೊಳಗೆ ಶಿಡ್ಲಘಟ್ಟ, ಚಿಂತಾಮಣಿಗಳ ಪೆಟ್ಟಿಗೆಗಳೂ ಹದಿನೈದಂಕಿಯ ಭಾಷೆ ಕಲಿತವು. ಕಾಗುಣಿತದಂತೆ ಅದನ್ನು ಎಲ್ಲರಿಗೂ ಕಲಿಸಿದವರು, ಮೊದಲು ನಕ್ಕಿದ್ದ ಚಲಪತಿಗಳೇ.

ತಿಂಗಳು ಕಳೆದು ಅಕ್ಕಯ್ಯಮ್ಮ ಬಂದು, ಮಡಿಲು ತುಂಬ ತಂದ ಹಳದಿ ಗೂಡುಗಳನ್ನು ಅವರ ಮೇಜಿನ ಮೇಲೆ ಸುರಿದಳು. “ಇದನ್ನ ಕೂಡಕ್ ಹೋಗ್ಬೇಡಿ ಸಾಮಿ,” ಎಂದಳು, “ಸಾಲ್ನಾಗೆ ನಿಲ್ಲಲ್ಲ ಇವು.”

ತಾನು ತಪ್ಪುವುದೇ ಇಲ್ಲ ಎನ್ನುವವರನ್ನು ಲೋಕ ಬಹಳ ಹೊಗಳುತ್ತದೆ, ನಾನೂ ಹೊಗಳಿದ್ದೇನೆ. ಆದರೆ ತನ್ನ ಕಿವಿ ನಾಳೆಯೂ ತಪ್ಪೀತೆಂದು ಇವತ್ತೇ ಒಪ್ಪಿಕೊಂಡು, ಆ ತಪ್ಪು ಬರುವ ದಾರಿಯಲ್ಲಿ ಅಡ್ಡಕ್ಕೊಬ್ಬ, ಉದ್ದಕ್ಕೊಬ್ಬ ಕಾವಲುಗಾರನನ್ನು ನಿಲ್ಲಿಸಿಡುವ ಇನ್ನೊಂದು ಬಗೆಯ ಜನರಿದ್ದಾರೆ. ಅವರ ವಿನಯಕ್ಕೆ ಕೈಕಾಲುಗಳಿರುತ್ತವೆ. ಅದು ಕೆಲಸ ಮಾಡುತ್ತದೆ. ಆ ಜೂನಿನಲ್ಲಿ ಮಂಡಿಕಲ್ಲಿನ ಮನೆಮನೆಯಲ್ಲೂ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹಿಡಿದ ಹಾಗೆ ಕೇಳಿಸುತ್ತಿತ್ತು. ಅಂಥವರಿಗೆ ಸಲ್ಲುವ ಚಪ್ಪಾಳೆ ಅದು ಎಂದುಕೊಂಡು, ನಾನೂ ಬಾಗಿಲಲ್ಲಿ ನಿಂತು ಕೇಳಿದ್ದೇನೆ.