ಜೋಥಮ್‌ನ ಹೆಣ ಹೊತ್ತವರು

ಕಳಿಸಿದ ಕೈಗವಸುಗಳೆಲ್ಲ ಸಂಜೆಯೊಳಗೆ ಮೆಹಿಟಬೆಲಳ ಹೊಸ್ತಿಲಿಗೇ ವಾಪಸು ಬಂದು ಬಿದ್ದವು. ಮ್ಯಾಸಚೂಸೆಟ್ಸಿನ ಆ ಬಂದರೂರಿನಲ್ಲಿ ಸಾವಿನ ಮನೆಯವರು ಕೈಗವಸು ಕಳಿಸಿದರೆ ಮಣ್ಣಿಗೆ ಬನ್ನಿ ಎಂದು ಕರೆದಂತೆ. ಅದನ್ನು ಹಿಂತಿರುಗಿಸಿದರೆ ನಿಮ್ಮ ಹೆಣಕ್ಕೂ ನಮಗೂ ಸಂಬಂಧವಿಲ್ಲ ಎಂದಂತೆ.

ಗಂಡ ಜೋಥಮ್ ಬಂದರಿನಲ್ಲಿ ಇಂಗ್ಲೆಂಡಿನ ದೊರೆಯ ಸುಂಕ ಎತ್ತುತ್ತಿದ್ದವನು. ನಮ್ಮನ್ನೊಂದು ಮಾತೂ ಕೇಳದೆ ಸಮುದ್ರದಾಚೆ ಕೂತು ಸುಂಕ ಹೇರಲು ಇವರು ಯಾರು ಎಂದು ಊರಿಗೆ ಊರೇ ಕುದಿಯುತ್ತಿತ್ತು. ದೊರೆ ಕೈಗೆ ಸಿಗುವವನಲ್ಲ, ಜೋಥಮ್ ಸಿಕ್ಕಿದ. ಕಿಟಕಿಗೆ ಕಲ್ಲು ಬಿತ್ತು, ಬಾಗಿಲಿಗೆ ಡಾಂಬರು ಮೆತ್ತಿತು. ಆದರೆ ಜ್ವರ ಬಂದು ಸತ್ತವನ ಮೇಲೂ ಹಗೆಯೇ? ಮೆಹಿಟಬೆಲ್ ಗವಸುಗಳನ್ನು ಒಂದೊಂದಾಗಿ ಆಯ್ದು ಒಳಗಿಟ್ಟಳು.

ಬೆಳಿಗ್ಗೆ ಹಿಮದ ಮೇಲೆ ಎಳೆಯುವ ಬಂಡಿಗೆ ತಾನೇ ಹಗ್ಗ ಕಟ್ಟಿದಳು. ಸ್ಮಶಾನ ದಿಬ್ಬದ ಮೇಲಿತ್ತು, ಎಳೆಯಲು ಅವಳೊಬ್ಬಳೇ. ಬಾಗಿಲು ತೆರೆದವಳು ನಿಂತಲ್ಲೇ ನಿಂತುಬಿಟ್ಟಳು.

ಬೀದಿ ತುಂಬ ಜನ. ಮೀನುಗಾರರು, ಬಡಗಿಗಳು, ಮೊನ್ನೆ ಕಲ್ಲು ಹೊಡೆದ ಮಹನೀಯರೂ ಇದ್ದರು. ಕೊರೆಯುವ ಚಳಿಯಲ್ಲಿ ಎಲ್ಲರದೂ ಬರಿಗೈ.

ಪೀಪಾಯಿ ಮಾಡುವ ಎಲ್ಕನಾ ಮುಂದೆ ಬಂದ. "ಹಗ್ಗ ಬಿಡಿ ಮೆಹಿಟಬೆಲಮ್ಮ. ನಾವಿಲ್ವಾ?"

"ಗವಸು ಬಾಗಿಲಿಗೆ ಬಿಸಾಕಿ ಹೋದ್ರಲ್ಲಪ್ಪ! ಬರಲ್ಲ ಅಂತ ತಾನೆ?"

"ಅಯ್ಯೋ, ಗವಸು ಅನ್ನೋದೆಲ್ಲ ಇಂಗ್ಲೆಂಡಿನ ಮಾಲಮ್ಮ. ಸುಂಕ ತೆಗೆಯೋವರೆಗೂ ಅಲ್ಲಿಂದ ಬಂದಿದ್ದು ಮುಟ್ಟಲ್ಲ ಅಂತ ಊರೆಲ್ಲ ಮಾತಾಡ್ಕೊಂಡಿದೀವಿ."

"ಚಹಾ, ಬಟ್ಟೆ ಅಂತ ಕೇಳಿದ್ದೆ. ಸಾವಿಗೂನಾ?"

"ಸಾವಿಗೂನೆ. ಸುಂಕದವರ ಮನೆಗೆ ಬಂದು ಅದನ್ನ ಹೇಳೋರು ಯಾರು?"

"ನಮ್ಮ ಯಜಮಾನ್ರನ್ನ ಬಾಯಿಗೆ ಬಂದಂಗೆ ಬೈತಿದ್ರಿ."

"ಬೈದ್ವಿ. ಬದುಕಿದ್ರೆ ನಾಳೇನೂ ಬೈತಿದ್ವಿ. ಹಾಗಂತ ನಮ್ಮೂರಿನವನನ್ನ ನೀವೊಬ್ರೇ ಎಳ್ಕೊಂಡು ಹೋಗೋದಾ?"

"ಹೀಗೆ ಬರಿಗೈಲಿ ಹೋಗಿ ಅಂತ ಯಾರು ಅಪ್ಪಣೆ ಮಾಡಿದ್ರು?"

"ಅಪ್ಪಣೆನಾ?" ಎಲ್ಕನಾನಿಗೆ ಪ್ರಶ್ನೆಯೇ ತಲೆಗೆ ಹೋಗಲಿಲ್ಲ. "ಯಾರೂ ಇಲ್ಲಮ್ಮ."

ಆರು ಜನ ಶವಪೆಟ್ಟಿಗೆ ಎತ್ತಿದರು. ಹೆಪ್ಪುಗಟ್ಟಿದ ಕಬ್ಬಿಣದ ಹಿಡಿಗಳಿಗೆ ಅಂಗೈಯ ಚರ್ಮ ಅಂಟಿ ಸುಲಿಯಿತು. ಒಬ್ಬನ ಕೈ ಮರಗಟ್ಟಿದರೆ ಹಿಂದಿನವನು ಬಂದು ಹಿಡಿಯುತ್ತಿದ್ದ.

ದೊರೆಯ ಮುದ್ರೆ, ದೊರೆಯ ಬಂದೂಕು, ದೊರೆಯ ಹಡಗು ಎಲ್ಲವನ್ನೂ ಮೆಹಿಟಬೆಲ್ ಕಂಡಿದ್ದಳು. ಯಾರ ಅಪ್ಪಣೆಯೂ ಇಲ್ಲದೆ ಒಂದಿಡೀ ಊರು ಕೊಟ್ಟ ಮಾತಿಗೆ ಹೀಗೆ ನಿಂತದ್ದನ್ನು ಕಂಡಿರಲಿಲ್ಲ. ಪಾಪ, ನನ್ನ ಜೋಥಮ್ ಇಂಥ ಜನರ ಹತ್ತಿರ ಸುಂಕ ಎತ್ತಲು ಹೊರಟಿದ್ದನಲ್ಲ ಎಂದುಕೊಳ್ಳುತ್ತ ಅವರ ಹಿಂದೆ ದಿಬ್ಬ ಹತ್ತಿದಳು.